ಅತ್ತೆಯನ್ನು ಮುಟ್ಟದ ಕರೆಂಟು

ಹುಣಸೂರಿನ ನಮ್ಮ ಮನೆಯಲ್ಲಿ ಅಡುಗೆಮನೆಯ ಕಿಟಕಿ ಮುಟ್ಟಿದರೆ ಕರೆಂಟು ಹೊಡೆಯುತ್ತಿತ್ತು. ನನಗೆ ಮಾತ್ರ ಹೊಡೆಯುತ್ತಿತ್ತು, ನಮ್ಮ ಅತ್ತೆಗೆ ಹೊಡೆಯುತ್ತಿರಲಿಲ್ಲ. ಇದನ್ನು ನೋಡಿ ಅತ್ತೆ ಒಂದು ತೀರ್ಮಾನಕ್ಕೆ ಬಂದಿದ್ದರು. ಆ ತೀರ್ಮಾನ ಕಿಟಕಿಯ ಬಗ್ಗೆ ಅಲ್ಲ, ನನ್ನ ಬಗ್ಗೆ.

ನಾನು ಮಿರ್ಲೆಯವಳು. ಕೆ.ಆರ್. ನಗರದಲ್ಲಿ ಮಿಡ್ಲ್ ಸ್ಕೂಲು ಮುಗಿಸಿ, ನಾಲ್ಕು ವರ್ಷ ಮನೆಯಲ್ಲಿ ರಾಗಿ ಕೇರಿಕೊಂಡಿದ್ದವಳನ್ನು ಐವತ್ತರ ದಶಕದ ನಡುವಿನಲ್ಲಿ ಹುಣಸೂರಿನ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಮಗನಿಗೆ ಕೊಟ್ಟರು. ಬೀದಿಗೆ ಮುಖ ಮಾಡಿ ಸೊಪ್ಪಿನ ಮಂಡಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಬಚ್ಚಲು. ಮೊಳದಗಲದ ಮಣ್ಣಿನ ಗೋಡೆ, ನಾಡಹೆಂಚು. ನಮ್ಮ ಮಾವನವರ ತಾತ ಕಟ್ಟಿಸಿದ್ದಂತೆ. ಆ ಮನೆಗೆ ಕರೆಂಟು ಬಂದದ್ದು ನಾನು ಹೋದ ಮರುವರ್ಷ. ಆಗ ಮನೆಗೆ ನೂರರ ಹತ್ತಿರ ವಯಸ್ಸು. ಹೊಸದನ್ನು ಕಲಿಯುವ ವಯಸ್ಸಲ್ಲ.

ವೈರು ಎಳೆಯಲು ಕೆ.ಆರ್. ನಗರದಿಂದ ಒಬ್ಬ ವೈರ್‌ಮನ್ ಬಂದ. ಖಾಕಿ ಚಡ್ಡಿ, ಕಿವಿಯ ಮೇಲೆ ಒಂದು ಬೀಡಿ. ಮಾವನವರ ಎದುರು ಅದನ್ನು ಹಚ್ಚಲಿಲ್ಲ, ಕೆಳಗೂ ಇಡಲಿಲ್ಲ. ಅಡುಗೆಮನೆಯಲ್ಲಿ ಹೊಗೆ, ಇಲಿ ಎರಡೂ ಜಾಸ್ತಿ ಎಂದು ಅಲ್ಲಿ ಮಾತ್ರ ಕಬ್ಬಿಣದ ಪೈಪು ಹಾಕಿ ಅದರೊಳಗೆ ವೈರು ಬಿಟ್ಟ. ಎಲ್ಲ ಮುಗಿದ ದಿನ ಹಿತ್ತಲಿನಲ್ಲಿ ನಿಂತು, ಇಲ್ಲೊಂದು ಆಳುದ್ದದ ಗುಂಡಿ ತೆಗೆಯಬೇಕು, ಅದರಲ್ಲಿ ತಾಮ್ರದ ತಗಡು ಹೂಳಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಬೇಕು, ಪೈಪಿನಿಂದ ಒಂದು ತಂತಿ ತಂದು ಆ ತಗಡಿಗೆ ಕೂಡಿಸಬೇಕು ಎಂದ.

"ಯಾತಕ್ಕೆ?" ಎಂದರು ಅತ್ತೆ.

"ಕರೆಂಟು ದಾರಿ ತಪ್ಪುದ್ರೆ ಮನುಷ್ಯರ ಮೇಲ್ ಬರ್ದೆ ನೆಲಕ್ಕೋಗ್ಲಿ ಅಂತ ಕಣವ್ವ."

"ಎಷ್ಟುಪ್ಪು ಬೇಕು?"

"ಹತ್ತು ಸೇರು ಇರ್ಲಿ."

"ಮಣ್ಣಿಗೆ?"

"ಮಣ್ಣಿಗೇಯ."

ಅತ್ತೆಗೆ ಉಪ್ಪು ಎಂದರೆ ಲಕ್ಷ್ಮಿ. ದೀಪ ಹಚ್ಚಿದ ಮೇಲೆ ಅವರು ಅದರ ಹೆಸರೆತ್ತುತ್ತಿರಲಿಲ್ಲ. ಒಂದು ಹರಳು ಕೆಳಗೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಂಡು ನೀರಿಗೆ ಹಾಕುತ್ತಿದ್ದರು. ಚೆಲ್ಲಿ ತುಳಿದ ಉಪ್ಪನ್ನು ಸತ್ತ ಮೇಲೆ ಕಣ್ಣಿನ ರೆಪ್ಪೆಯಿಂದ ಒಂದೊಂದೇ ಹರಳಾಗಿ ಆಯಬೇಕಾಗುತ್ತದೆ ಎಂದು ಅವರಿಗೆ ಅವರಮ್ಮ ಹೇಳಿದ್ದರು. ಹತ್ತು ಸೇರು ಆಯುವುದಕ್ಕೆ ಎಷ್ಟು ಕಾಲ ಬೇಕಾದೀತು ಎಂದು ಮನಸ್ಸಿನಲ್ಲೇ ಅಂದಾಜು ಮಾಡಿದವರಂತೆ ಸ್ವಲ್ಪ ಹೊತ್ತು ನಿಂತು, "ಆಗಕ್ಕಿಲ್ಲ ಬುಡಪ್ಪ" ಎಂದು ಒಳಗೆ ಹೋದರು.

ಆಮೇಲೆ ಅವನು ತಂದಿದ್ದ ತಾಮ್ರದ ತಗಡು ಉಳಿಯಿತಲ್ಲ. ಒಳ್ಳೆಯ ತಾಮ್ರ. ಅತ್ತೆ ಅದಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿ ಬಚ್ಚಲು ಹಂಡೆಗೆ ಮುಚ್ಚಳ ಮಾಡಿದರು. ಹಂಡೆಯ ಬಾಯಿ ದುಂಡು, ತಗಡು ಚೌಕ, ನಾಲ್ಕು ಮೂಲೆಯೂ ಹೊರಕ್ಕೆ ಚಾಚಿಕೊಂಡು ಹೋದವರ ಮೊಣಕೈಗೆಲ್ಲ ತಾಗುತ್ತಿತ್ತು. ವೈರ್‌ಮನ್ ಕೂಡಿಸಬೇಕಾಗಿದ್ದ ತಂತಿಯ ತುದಿಯನ್ನು ಹಿತ್ತಲ ಗೋಡೆಯ ಒಂದು ಮೊಳೆಗೆ ಸುತ್ತಿ, "ಇನ್ನೊಂದ್ ಸಲ ಬತ್ತೀನಿ" ಎಂದು ಹೇಳಿ ಹೋದ. ಕರೆಯದೆ ಅವನು ಯಾಕೆ ಬರುತ್ತಾನೆ. ನಾವು ಕರೆಯಲಿಲ್ಲ.

ಇನ್ನೊಂದು ಫ್ಯೂಸಿನ ವಿಷಯ. ಮೀಟರಿನ ಪಕ್ಕದ ಪಿಂಗಾಣಿ ಬಿಲ್ಲೆಯಲ್ಲಿ ಅವನು ಕೂದಲಿನಷ್ಟು ಸಣ್ಣದೊಂದು ತಂತಿ ಕಟ್ಟಿದ್ದ. ಮಾವನವರು ಕಣ್ಣಿನ ಹತ್ತಿರ ಹಿಡಿದು ನೋಡಿ, ಇದೇನು ಮಾಡುತ್ತದೆ ಎಂದು ಕೇಳಿದರು.

"ಎಚ್ಚುಕಮ್ಮಿ ಆದ್ರೆ ಸುಟ್ಟೋಯ್ತದೆ ಸ್ವಾಮಿ. ಸುಟ್ಟೋಗದೇ ಇದ್ರ ಕೆಲ್ಸ."

ನಲವತ್ತು ವರ್ಷ ಸೊಪ್ಪಿನ ವ್ಯಾಪಾರ ಮಾಡಿದ್ದ ಮಾವನವರು, ಹಾಳಾಗುವುದೇ ತನ್ನ ಕೆಲಸ ಎನ್ನುವ ಮಾಲನ್ನು ಅದುವರೆಗೆ ಕಂಡಿರಲಿಲ್ಲ. ಪಿರಿಯಾಪಟ್ಟಣದ ವ್ಯಾಪಾರಿಗಳು ಮಂಡಿಯಲ್ಲಿ ಕೂತು ಎಲೆಯ ಬಣ್ಣ ನೋಡುವಾಗ ಎರಡು ಸಲ ಫ್ಯೂಸು ಹೋಗಿ ಕತ್ತಲಾಯಿತು. ಎರಡನೆಯ ಸಲ ಮಾವನವರು ಎದ್ದರು. ವೈರಿಂಗಿನಲ್ಲಿ ಉಳಿದಿದ್ದ ತಾಮ್ರದ ತಂತಿಯನ್ನು ಮೂರೆಳೆ ಹೊಸೆದು ಪಿಂಗಾಣಿ ಬಿಲ್ಲೆಗೆ ಬಿಗಿದರು. ಆಮೇಲೆ ಆ ಮನೆಯಲ್ಲಿ ಫ್ಯೂಸು ಹೋಗಲೇ ಇಲ್ಲ. ಬಂದವರಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು, ಬಂದವರೂ ತಮ್ಮ ಮನೆಗೆ ಹೋಗಿ ಹಾಗೇ ಮಾಡುತ್ತಿದ್ದರು.

ಹೆರಿಗೆಗೆ ಮಿರ್ಲೆಗೆ ಹೋದವಳು ಮಗುವಿಗೆ ಐದು ತಿಂಗಳಾದ ಮೇಲೆ ಹಿಂದಿರುಗಿದೆ. ಆಷಾಢದ ಸೋನೆ. ಮಗುವಿನ ಬಟ್ಟೆ ಹಿತ್ತಲಲ್ಲಿ ಹಾಕಿದರೆ ಒಣಗುವುದಕ್ಕೆ ಬದಲು ಇನ್ನಷ್ಟು ನೆನೆಯುತ್ತಿತ್ತು. ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಹಾಕುವುದೆಂದು ಕಬ್ಬಿಣದ ತಂತಿಯೊಂದನ್ನು ಈ ಗೋಡೆಯಿಂದ ಆ ಗೋಡೆಗೆ ನಾನೇ ಬಿಗಿಯಾಗಿ ಎಳೆದು ಕಟ್ಟಿದೆ. ಮನೆಗೆ ಬಂದ ಮೇಲೆ ನಾನಾಗಿ ಮಾಡಿದ ಮೊದಲ ಸುಧಾರಣೆ ಅದು. ಅತ್ತೆಯೂ ಏನೂ ಅನ್ನಲಿಲ್ಲ.

ಅದಾಗಿ ಒಂದು ತಿಂಗಳಿಗೆ ಕಿಟಕಿ ಹೊಡೆಯಲು ಶುರುವಾಯಿತು. ಅಡುಗೆಮನೆಗೆ ಇದ್ದದ್ದೊಂದೇ ಕಿಟಕಿ, ನೆಲದಿಂದ ಗೇಣೆತ್ತರದಲ್ಲಿ ಶುರುವಾಗುವ ಹಳೆಯ ಕಾಲದ ಕಿಟಕಿ, ಮರದ ಚೌಕಟ್ಟಿಗೆ ಐದು ಕಬ್ಬಿಣದ ಸರಳು, ಅವನ್ನು ಅಡ್ಡಕ್ಕೆ ಕೂಡಿಸುವ ಒಂದು ಕಬ್ಬಿಣದ ಪಟ್ಟಿ. ಬಾಗಿಲು ತೆಗೆಯಲು ಸರಳಿನ ಸಂದಿಯಲ್ಲಿ ಕೈ ಹಾಕಬೇಕು. ಮೊದಮೊದಲು ಇರುವೆ ಕಚ್ಚಿದಂತೆ ಜುಂ ಎನ್ನುತ್ತಿತ್ತು. ಮಳೆ ಜೋರಾದ ದಿನ ಮೊಣಕೈವರೆಗೂ ಎಳೆಯುತ್ತಿತ್ತು. ನಾನು ಕೈ ಕೊಡವಿಕೊಂಡದ್ದನ್ನು ಅತ್ತೆ ನೋಡಿದರು. ಬಂದು ತಾವೇ ಸರಳನ್ನು ಐದು ಬೆರಳಿಂದಲೂ ಹಿಡಿದರು. ಏನೂ ಆಗಲಿಲ್ಲ.

"ನಂಗೇನೂ ಆಯ್ತಿಲ್ವಲ್ಲ ಕಣವ್ವ."

"ನಂಗೆ ಹೊಡೀತು ಅತ್ತೆಮ್ಮ."

ಅವರು ನನ್ನ ಹಣೆ ನೋಡಿದರು. ನಮ್ಮದು ಶಿವಪೂಜೆಯ ಮನೆ, ಅಲ್ಲಿ ಸ್ನಾನವಾದ ಕೂಡಲೇ ವಿಭೂತಿ. ನಾನು ಮಗುವಿನ ಗಲಾಟೆಯಲ್ಲಿ ಆ ದಿನ ಹಚ್ಚಿಕೊಂಡಿರಲಿಲ್ಲ. "ಇಬೂತಿ ಇಲ್ದೆ ಅಡುಗೆಮನೆಗೆ ಬಂದ್ರೆ ಇನ್ನೇನಾಯ್ತದೆ" ಎಂದರು. ಸಿಟ್ಟಿನಿಂದಲ್ಲ, ಗೊತ್ತಿದ್ದದ್ದನ್ನು ಹೇಳಿಕೊಡುವ ದನಿಯಲ್ಲಿ. ನನಗೆ ಬಂದ ಸಿಟ್ಟು ಅದಕ್ಕೇ.

ಮರುದಿನ ಹಣೆಗೆ ಮೂರು ಪಟ್ಟೆ, ಎರಡು ತೋಳಿಗೆ ಮೂರು ಮೂರು, ಕತ್ತಿಗೆ ಒಂದು ಹಚ್ಚಿಕೊಂಡು ಹೋಗಿ ಕಿಟಕಿ ತೆಗೆದೆ. ಮಠದಲ್ಲಿ ಕೂರಿಸಿದ್ದರೆ ಜನ ಬಂದು ಕಾಲಿಗೆ ಬೀಳುವಷ್ಟು ಇತ್ತು. ಕಿಟಕಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆ ಅದನ್ನೂ ನೋಡಿದರು. ಹಚ್ಚಿಕೊಂಡರೆ ಸಾಲದು, ಒಳಗೂ ಶುದ್ಧವಿರಬೇಕು ಎಂದರು. ಬೀದಿಯ ಹೆಂಗಸರಿಗೆ ವಿಷಯ ಗೊತ್ತಾಗಲು ಒಂದು ವಾರ ಬೇಕಾಯಿತು. ಆ ಮೇಲೆ ನಮ್ಮ ಮನೆಗೆ ಬಂದವರು ನೀರು ಕುಡಿಯುವ ಮೊದಲು ನನ್ನ ಮುಖ ನೋಡುತ್ತಿದ್ದರು.

ಅತ್ತೆಗೆ ಯಾಕೆ ಹೊಡೆಯುತ್ತಿರಲಿಲ್ಲ ಎನ್ನುವುದು ತಿಳಿದದ್ದು ಅವರು ಪಿರಿಯಾಪಟ್ಟಣಕ್ಕೆ ಮದುವೆಗೆ ಹೋಗಿದ್ದಾಗ. ಅವರಿಗೆ ಮಂಡಿನೋವು. ತಣ್ಣನೆಯ ನೆಲ ತುಳಿಯಬಾರದೆಂದು ನಾಟಿ ವೈದ್ಯರು ಹೇಳಿದ್ದರಿಂದ ಅಡುಗೆಮನೆಯಲ್ಲಿ ಮರದ ಹಾವುಗೆ ಮೆಟ್ಟಿಕೊಂಡೇ ಓಡಾಡುತ್ತಿದ್ದರು. ಚರ್ಮದ್ದಾದರೆ ಹೊಸ್ತಿಲ ಹತ್ತಿರವೂ ಬರುವಂತಿಲ್ಲ, ಮರಕ್ಕೆ ಅಡ್ಡಿಯಿಲ್ಲ. ಕಾಕನಕೋಟೆ ಕಡೆಯ ಹೊನ್ನೆ ಮರ, ಎಚ್.ಡಿ. ಕೋಟೆಯ ಬಡಗಿ ಮಾಡಿಕೊಟ್ಟದ್ದು, ಹೆಜ್ಜೆಗೊಂದು ಟಕ್ ಎನ್ನುತ್ತಿತ್ತು. ಅವರು ಊರಿಗೆ ಹೋದ ದಿನ ನೆಲ ಸಾರಿಸಿ ಒದ್ದೆಯಿತ್ತು, ಸೀರೆಯ ಅಂಚು ಕೊಳೆಯಾಗುತ್ತದೆ ಎಂದು ನಾನು ಅವರ ಹಾವುಗೆ ಮೆಟ್ಟಿ ಕಿಟಕಿ ತೆಗೆದೆ. ಹೊಡೆಯಲಿಲ್ಲ. ಕೆಳಗಿಳಿದು ಮುಟ್ಟಿದೆ, ಹೊಡೆಯಿತು. ಮತ್ತೆ ಹಾವುಗೆ ಹತ್ತಿದೆ, ಸುಮ್ಮನಾಯಿತು. ಇಷ್ಟು ದಿನ ನನ್ನ ಶೀಲದ ಮೇಲೆ ಬಂದ ಮಾತೆಲ್ಲ ಎರಡು ತುಂಡು ಮರದ್ದು ಎಂದು ತಿಳಿದು ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂತು ನಕ್ಕೆ. ನಗುವಾಗಲೇ ಮಗು ಅಂಬೆಗಾಲಿಟ್ಟುಕೊಂಡು ನಡುಮನೆಯಿಂದ ಬಂದು ಕಿಟಕಿಯ ಕಡೆ ತಿರುಗಿತು. ನಗು ಅಲ್ಲಿಗೆ ನಿಂತಿತು.

ಅಲ್ಲಿಂದ ಮುಂದೆ ನನಗೆ ನನ್ನ ಮರ್ಯಾದೆಯ ಚಿಂತೆ ಹೋಯಿತು. ಒಂಬತ್ತನೇ ತಿಂಗಳಿಗೆ ಬಿದ್ದ ಮಗು ಕಂಡದ್ದನ್ನೆಲ್ಲ ಹಿಡಿದು ಎದ್ದು ನಿಲ್ಲಲು ನೋಡುತ್ತಿತ್ತು. ಅದರ ಎತ್ತರಕ್ಕೆ ಹೇಳಿ ಮಾಡಿಸಿದಂತಿದ್ದದ್ದು ಆ ಸರಳುಗಳು. ಮಗುವಿನ ಕೈ ಯಾವಾಗಲೂ ಒದ್ದೆ, ಅಡಿಗೂ ಒದ್ದೆ ನೆಲ. ನನ್ನನ್ನು ಮೊಣಕೈವರೆಗೆ ಎಳೆಯುವುದು ಅದನ್ನು ಎಲ್ಲಿಯವರೆಗೆ ಎಳೆದೀತು ಎಂದು ಯೋಚಿಸಿ ನಾನು ಊಟ ಬಿಟ್ಟೆ.

ಮಾವನವರ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ನಡುಮನೆಯ ಬಾಗಿಲ ಹಿಂದೆ ನಿಂತು, ಕಿಟಕಿಯಲ್ಲಿ ಕರೆಂಟು ಬರುತ್ತಿದೆಯಂತೆ ಎಂದು ಬಾಗಿಲಿಗೆ ಹೇಳಿದೆ. "ಲೈಟು ಉರೀತಾ ಅದಲ್ವಾ?" ಎಂದು ಮಾವನವರು ಬಾಗಿಲನ್ನು ಕೇಳಿದರು. ಉರಿಯುತ್ತಿತ್ತು. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಯಜಮಾನರು ಸೊಪ್ಪು ಕೊಳ್ಳಲು ವಾರವೆಲ್ಲ ಪಿರಿಯಾಪಟ್ಟಣದ ಹಳ್ಳಿಗಳನ್ನು ಸುತ್ತುತ್ತಿದ್ದರು. ಭಾನುವಾರ ಬಂದಾಗ ಅವರಿಗೆ ಹಾವುಗೆಯ ಸಮೇತ ಎಲ್ಲ ಹೇಳಿದೆ. ಅವರು ಕೇಳಿ, "ಅಮ್ಮನ್ ಮುಂದೆ ಹಾವುಗೆ ಮಾತೆತ್ಬೇಡ, ಬೇಜಾರ್ ಮಾಡ್ಕೋತದೆ" ಎಂದರು. ಸುಗ್ಗಿ ಮುಗಿಯಲಿ, ವೈರ್‌ಮನ್ನನ್ನು ಕರೆಸೋಣ ಎಂದರು. ಹೊಗೆಸೊಪ್ಪಿನ ಸುಗ್ಗಿ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಮಗು ಅಷ್ಟು ದಿನ ಕಾಯುವಂತೆ ಕಾಣಲಿಲ್ಲ.

ಬೆಳಿಗ್ಗೆ ಎದ್ದು ನಾನೇ ಮೇನ್ ಸ್ವಿಚ್ಚು ಇಳಿಸುತ್ತಿದ್ದೆ. ಮಂಡಿಯೊಳಗೆ ಹಗಲೂ ಕತ್ತಲೆ, ಮಾವನವರು ಬಂದು ಮತ್ತೆ ಏರಿಸುತ್ತಿದ್ದರು. ಕೊನೆಗೆ ಹಳೆ ಸೀರೆಯ ಅಂಚು ಹರಿದು ಒಂದು ತುದಿಯನ್ನು ಮಗುವಿನ ಸೊಂಟಕ್ಕೂ ಇನ್ನೊಂದನ್ನು ನಡುಮನೆಯ ಕಂಬಕ್ಕೂ ಕಟ್ಟಿದೆ. ಕಿಟಕಿಗೆ ಎರಡು ಮಾರು ದೂರದಲ್ಲಿ ಅದು ನಿಂತು ಅಳುತ್ತಿತ್ತು. ಅತ್ತೆಗೆ ಇದನ್ನು ನೋಡಲಾಗಲಿಲ್ಲ.

"ಕರ ಕಟ್ದಂಗ್ ಕಟ್ಟಿದ್ದೀಯಲ್ಲವ್ವ ಮಗೀನ" ಎಂದು ಬಿಚ್ಚಿದರು. ಅದರ ಹಣೆಗೆ ವಿಭೂತಿ ಎಳೆದು, "ಇನ್ನೇನೂ ಆಗಕ್ಕಿಲ್ಲ ಓಗು" ಎಂದು ನೆಲಕ್ಕೆ ಬಿಟ್ಟರು. ನಾನು ಮತ್ತೆ ಕಟ್ಟಿದೆ. ಅವರು ಮತ್ತೆ ಬಿಚ್ಚಿದರು. ಮೂರು ದಿನ ಹೀಗೇ ನಡೆಯಿತು. ನಾವಿಬ್ಬರೂ ಒಂದು ಮಾತು ಆಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಹಾವುಗೆಯನ್ನು ಎತ್ತಿ ಸೌದೆಯ ಒಟ್ಟಿಲಿನ ಹಿಂದೆ ಇಟ್ಟೆ. ನಾನು ದಿನವೂ ತಿನ್ನುವುದನ್ನು ಅವರು ಒಂದು ದಿನ ತಿನ್ನಲಿ, ತಿಂದರೆ ಗೊತ್ತಾಗುತ್ತದೆ, ಗೊತ್ತಾದರೆ ಮಗುವನ್ನು ಬಿಚ್ಚುವುದಿಲ್ಲ. ನನ್ನ ಯೋಚನೆ ಇಷ್ಟೇ. ರಾತ್ರಿಯೆಲ್ಲ ಮಳೆ ಹುಯ್ದಿತ್ತು, ಅತ್ತೆ ಬರುವುದು ಒದ್ದೆ ಮೈಯಲ್ಲಿ, ಇವೆರಡೂ ನನಗೆ ಗೊತ್ತಿದ್ದವು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಅತ್ತೆ ತಲೆಗೆ ನೆನೆದ ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ಬಂದರು. "ನನ್ ಹಾವುಗೆ ಎಲ್ಲವ್ವ?"

"ನೋಡ್ಲಿಲ್ಲ ಅತ್ತೆಮ್ಮ."

ಹುಡುಕುತ್ತ ಅವರು ಕಂಬದ ಹತ್ತಿರ ಹೋಗಿ, ಅಭ್ಯಾಸದಂತೆ ಮಗುವಿನ ಗಂಟು ಬಿಚ್ಚಿದರು. ಕಿಟಕಿಯಾಚೆ ಒಂದು ಕಾಗೆ ಕೂತಿತ್ತು. ಮಗು ಅದನ್ನು ಕಂಡು ಕೇಕೆ ಹಾಕಿಕೊಂಡು ಆ ಕಡೆ ಹೊರಟಿತು. ಅತ್ತೆ ಮೊಮ್ಮಗುವಿಗೆ ಕಾಗೆ ತೋರಿಸಲೆಂದು ಅದಕ್ಕಿಂತ ಮುಂದೆ ಹೋಗಿ, ಬಗ್ಗಿ, ಸರಳು ಹಿಡಿದರು.

ಹಿಡಿದ ಕೈ ಬಿಡಲಿಲ್ಲ. ಅವರು ಕೂಗಲೂ ಇಲ್ಲ, ಬಾಯಿ ತೆರೆದಿತ್ತು ಅಷ್ಟೇ. ಮೈಯೆಲ್ಲ ಅದುರುತ್ತಿತ್ತು. ಮಗು ಅವರ ಸೀರೆಯ ಅಂಚಿಗೆ ಕೈ ಚಾಚಿತು. ನಾನು ಕಾಲಿನಿಂದ ಮಗುವನ್ನು ಅತ್ತ ನೂಕಿದೆ. ಊಟಕ್ಕೆ ಹಾಕುವ ಹಲಸಿನ ಮಣೆ ಗೋಡೆಗೆ ಒರಗಿತ್ತು, ಎತ್ತಿ ಅತ್ತೆಯ ತೋಳಿಗೆ ಹೊಡೆದೆ. ಬಿಡಲಿಲ್ಲ. ಇನ್ನೊಂದು ಹೊಡೆದೆ. ಕೈ ಕಳಚಿ ಅವರು ಒಲೆಯ ಪಕ್ಕಕ್ಕೆ ಬಿದ್ದರು. ಅಷ್ಟರಲ್ಲಿ ಸದ್ದು ಕೇಳಿ ಮಾವನವರು ಮಂಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಕಂಡದ್ದು ಸೊಸೆ ಅತ್ತೆಯನ್ನು ಮಣೆಯಿಂದ ಬಡಿದು ಕೆಡವಿದ್ದು. ಹಿಂದಿನ ಸಾಲಿನಲ್ಲಿ ಪಿರಿಯಾಪಟ್ಟಣದ ಇಬ್ಬರು ವ್ಯಾಪಾರಿಗಳೂ ಇದ್ದರು.

"ಏನವ್ವ ಮಾಡ್ತಿದ್ದೀಯ?"

"ಮೇನ್ ಸ್ವಿಚ್ಚು ಇಳ್ಸಿ ಮಾವನೋರೆ" ಎಂದೆ. ಅವರ ಮುಖ ನೋಡಿ ನಾನು ಆಡಿದ ಮೊದಲ ಮಾತು ಅದು. ಅವರು ಹೋಗಿ ಇಳಿಸಿದರು.

ಅತ್ತೆಗೆ ಉಸಿರಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ಮಗು ಎಲ್ಲಿ ಎಂದು ಕೇಳಿದರು. ಅಂಗೈಯಲ್ಲಿ ಸರಳಿನ ಗಾತ್ರಕ್ಕೆ ಸರಿಯಾಗಿ ಒಂದು ಸುಟ್ಟ ಗೆರೆ. ಕಟ್ಟು ಕಟ್ಟಲು ಬಂದ ಕಾಂಪೌಂಡರು, ಸುಟ್ಟದ್ದು ಹದಿನೈದು ದಿನಕ್ಕೆ ಮಾಯುತ್ತದೆ, ಮಣೆಯ ಪೆಟ್ಟು ತಿಂಗಳು ಹಿಡಿಯುತ್ತದೆ ಎಂದರು.

ಮರುದಿನ ಬಸ್ಸಿಗೆ ಕೆ.ಆರ್. ನಗರದ ವೈರ್‌ಮನ್ ಬಂದ. ಅದೇ ಚಡ್ಡಿ, ಬೀಡಿ ಬೇರೆಯದಿರಬೇಕು. ಒಂದು ಬಲ್ಬಿಗೆ ಎರಡು ವೈರು ಸಿಕ್ಕಿಸಿ, ಮೇನ್ ಏರಿಸಲು ಹೇಳಿ, ಒಂದು ತುದಿಯನ್ನು ಕಿಟಕಿಯ ಸರಳಿಗೂ ಇನ್ನೊಂದನ್ನು ಹಸಿ ನೆಲಕ್ಕೂ ಹಿಡಿದ. ಬಲ್ಬು ಉರಿಯಿತು. ಮಾವನವರು ಅದನ್ನು ನೋಡುತ್ತ ಬಹಳ ಹೊತ್ತು ನಿಂತರು. ಮಂಡಿಯಲ್ಲಿ ಉರಿಯುವಷ್ಟೇ ಚೆನ್ನಾಗಿ ಉರಿಯುತ್ತಿತ್ತು.

ಪೈಪಿನ ಬಾಯಿ ಬಿಚ್ಚಿದಾಗ ಒಳಗೆ ವೈರಿನ ಹೊದಿಕೆಯನ್ನು ಇಲಿ ತಿಂದಿತ್ತು, ತಾಮ್ರ ಪೈಪಿಗೆ ತಾಗಿತ್ತು. ಪೈಪಿನ ಕರೆಂಟು ಕಿಟಕಿಗೆ ಹೇಗೆ ಹೋಯಿತು ಎಂದು ಅವನು ತಲೆಯೆತ್ತಿ ನೋಡಿದ. ಆಮೇಲೆ ಮೆಲ್ಲಗೆ, "ಈ ತಂತಿ ಕಟ್ದೋರು ಯಾರು?" ಎಂದು ಕೇಳಿದ.

ಮಗುವಿನ ಬಟ್ಟೆ ಒಣಗಿಸುವ ತಂತಿ. ಒಂದು ತುದಿ ಪೈಪಿಗೆ, ಇನ್ನೊಂದು ಕಿಟಕಿಯ ಸರಳಿನ ಮೇಲ್ತುದಿಗೆ. ಅದರ ಮೇಲೆ ಆಗಲೂ ಎರಡು ಲಂಗೋಟಿ ತೂಗುತ್ತಿದ್ದವು. "ನಾನು" ಎಂದೆ.

ಅವನು ಏನೂ ಬೈಯಲಿಲ್ಲ. ಗುಂಡಿಯಿದ್ದು ಪೈಪಿನ ತಂತಿ ನೆಲ ಸೇರಿದ್ದರೆ, ಫ್ಯೂಸಿನಲ್ಲಿ ತಾನು ಕಟ್ಟಿದ್ದ ಸಣ್ಣ ತಂತಿಯೇ ಇದ್ದಿದ್ದರೆ, ಇಲಿ ತಿಂದ ಕ್ಷಣವೇ ಫ್ಯೂಸು ಹೋಗಿ ಮನೆ ಕತ್ತಲಾಗುತ್ತಿತ್ತು, ಅಷ್ಟೇ ಆಗುತ್ತಿತ್ತು ಎಂದ. ಇಷ್ಟು ತಿಂಗಳು ನಾನು ಉಪ್ಪಿಗೆ ಅತ್ತೆಯನ್ನೂ ಫ್ಯೂಸಿಗೆ ಮಾವನವರನ್ನೂ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಸರಳಿಗೆ ಕರೆಂಟು ತಂದುಕೊಟ್ಟವಳು ನಾನು. ಕಟ್ಟಿದ ಗಂಟು ಎಷ್ಟು ಬಿಗಿಯಾಗಿತ್ತೆಂದರೆ ವೈರ್‌ಮನ್ ಇಕ್ಕಳ ಹಾಕಿ ಕತ್ತರಿಸಬೇಕಾಯಿತು.

ಗುಂಡಿ ತೆಗೆದರು. ಹಂಡೆಯ ಮುಚ್ಚಳ ಹೂಳಿದರು. ಉಪ್ಪಿನ ಮಾತು ಬಂದಾಗ ಎಲ್ಲರೂ ಅತ್ತೆಯ ಮಂಚದ ಕಡೆ ನೋಡಿದರು. "ಜಾಡಿ ಸಮೇತ ಕೊಡವ್ವ. ರೆಪ್ಪೇಲಿ ಆಯೋಳು ನಾನ್ ತಾನೆ, ಆಯ್ತೀನಿ ಬುಡು" ಎಂದರು. ಯಾರೂ ತುಳಿಯದಂತೆ ಸುತ್ತ ನಾಲ್ಕು ಕಲ್ಲು ನಿಲ್ಲಿಸಲು ಮಾತ್ರ ಹೇಳಿದರು. ಮಾವನವರು ತಾವು ಹೊಸೆದ ಮೂರೆಳೆ ತಂತಿಯನ್ನು ತಾವೇ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅದರ ವಿಷಯ ಮತ್ತೆ ಯಾರಿಗೂ ಹೇಳಲಿಲ್ಲ, ಅವರನ್ನು ನೋಡಿ ಹಾಗೇ ಮಾಡಿಕೊಂಡಿದ್ದವರಿಗೂ ಹೇಳಲಿಲ್ಲ ಎಂದು ನನಗೆ ಈಗಲೂ ಬೇಸರವಿದೆ.

ಅತ್ತೆಗೆ ಬಲಗೈ ಎತ್ತಲು ಆಗುತ್ತಿರಲಿಲ್ಲ, ದಿನವೂ ನಾನೇ ತಲೆ ಬಾಚುತ್ತಿದ್ದೆ. ನಾಲ್ಕೈದು ದಿನವಾದ ಮೇಲೆ ಒಂದು ಮಧ್ಯಾಹ್ನ, ಮಗು ಮಲಗಿತ್ತು, ಅವರು ನನ್ನ ಕಡೆ ತಿರುಗದೆ ಕೇಳಿದರು.

"ಹಾವುಗೆ ಎತ್ತಿಟ್ಟೋಳು ನೀನೇ ಅಲ್ವವ್ವ?"

ನಾನು ಬಾಚುತ್ತಲೇ ಹ್ಞೂಂ ಎಂದೆ.

"ಬಾಗ್ಲಿಂದೆ ನಿಂತು ನಿಮ್ ಮಾವಂಗೆ ಯೋಳ್ದೆ. ಗಂಡಂಗ್ ಯೋಳ್ದೆ. ನಂಗ್ಯಾಕವ್ವ ಯೋಳ್ಲಿಲ್ಲ?"

"ಹೇಳಿದ್ರೆ ನೀವು ನಂಬ್ತಿರ್ಲಿಲ್ಲ ಅತ್ತೆಮ್ಮ."

"ನಂಬ್ತಿರ್ಲಿಲ್ಲ" ಎಂದು ಒಪ್ಪಿಕೊಂಡರು. "ಆದ್ರೂ ಅವತ್ತು ಬರಿಗಾಲಲ್ಲಿ ನಿಂತಿದ್ನಲ್ಲ ನಿನ್ ಮುಂದೆ. ಕಿಟಕಿ ಮುಟ್ಬೇಡಿ ಅನ್ನೋಕೆ ನಾನ್ ನಂಬ್ಲೇಬೇಕಾಗಿತ್ತಾ?"

ನಾನು ಸಿಕ್ಕು ಬಿಡಿಸುತ್ತಲೇ ಇದ್ದೆ. ಅವರ ಅಂದಿನ ವಯಸ್ಸನ್ನು ದಾಟಿ ಬಹಳ ಮುಂದೆ ಬಂದಿದ್ದೇನೆ, ಆ ಪ್ರಶ್ನೆ ಈಗಲೂ ಹಾಗೇ ಇದೆ. ಅಷ್ಟು ನಾಚಿಕೆ ನನಗೆ ಮತ್ತೆ ಯಾವತ್ತೂ ಆಗಲಿಲ್ಲ. ಅವರು ಆ ಮಾತನ್ನು ಅಲ್ಲಿಗೇ ಬಿಟ್ಟು, ಮಗನಿಗೂ ಹೇಳದೆ, ಬಾಚುವುದು ಮುಗಿಯಲೆಂದು ಕಾದು ಕೂತರು. ಕೂದಲು ಒಟ್ಟುಮಾಡಿ ತುರುಬು ಕಟ್ಟಿದೆ. ಎರಡು ಸಲ ಬಿಚ್ಚಿಹೋಯಿತು, ಮೂರನೆಯ ಸಲ ನಿಂತಿತು.